ಮಾತಿಲ್ಲದ ಆಟಕ್ಕೆ ಮುಕ್ತಾ ದುಭಾಷಿ

ಸಿಂದಗಿಯಿಂದ ಹೊರಟ ಗಂಟು

ಜಾರ್ಜಿಯಾ ಎನ್ನುವ ಹೆಸರಿನವು ಎರಡಿವೆ. ಒಂದು ಅಮೆರಿಕದ ರಾಜ್ಯ, ಇನ್ನೊಂದು ರಷ್ಯಾದ ಕೆಳಗಿರುವ ಪುಟ್ಟ ದೇಶ. ನಾವು ಹೋದದ್ದು ಎರಡನೆಯದಕ್ಕೆ. ನಮ್ಮ ಕಡೆಯವರಿಗೆ ಇದನ್ನು ಬಹಳ ಬಿಡಿಸಿ ಹೇಳಬೇಕಾಗಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಎಲ್ಲಿ ವಿಚಾರಿಸಿದರೂ ಡಾಕ್ಟರಿಕೆ ಓದಲು ಆ ದಿಕ್ಕಿಗೆ ಹೋದ ಮಕ್ಕಳ ಸುದ್ದಿ ಸಿಗುತ್ತದೆ. ಸಿಂದಗಿಯಲ್ಲಿರುವ ನನ್ನ ಅಕ್ಕನ ಮಗಳು ಪಲ್ಲವಿ ಕೂಡ ಅಲ್ಲಿನ ರಾಜಧಾನಿ ತ್ಬಿಲಿಸಿಯಲ್ಲಿ ಓದುತ್ತಿದ್ದಾಳೆ.

ನಿಜವಾಗಿ ಹೋಗಬೇಕಾಗಿದ್ದವಳು ಅಕ್ಕ. ಮೊಣಕಾಲಿನ ಆಪರೇಶನ್ ಆಗಿ ಮಂಚ ಹಿಡಿದಳು. "ನೀನರ ಹೋಗಿ ಬಾ. ನಿನಗ ಹೆಂಗೂ ಸಾಲಿ ಸೂಟಿ ಐತಿ. ಹುಡುಗ್ಯಾರನ್ನೂ ಕರ್ಕೊಂಡು ಹೋಗು," ಎಂದಳು. ನಾನು ಬಸವನ ಬಾಗೇವಾಡಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತೇನೆ. ನಮ್ಮವರಿಗೆ ಗೊಬ್ಬರದ ಅಂಗಡಿ. ಮುಂಗಾರು ಹತ್ತಿರ ಬಂದರೆ ಗಲ್ಲಾಪೆಟ್ಟಿಗೆ ಬಿಟ್ಟು ಅಲ್ಲಾಡುವಂತಿಲ್ಲ. ಹಾಗಾಗಿ ಹೊರಟದ್ದು ನಾನು ಮತ್ತು ನನ್ನ ಇಬ್ಬರು ಹೆಣ್ಣುಮಕ್ಕಳು.

ಹಿರಿಯವಳು ಮುಕ್ತಾ, ಆರನೆಯ ಇಯತ್ತೆ ಮುಗಿಸಿದ್ದಳು. ಅವಳಿಗೆ ಹುಟ್ಟಿನಿಂದ ಕಿವಿ ಮಂದ. ಎರಡೂ ಕಿವಿಗೆ ಮಶಿನ್ ಹಾಕುತ್ತಾಳೆ. ಅದರಿಂದ ಲಾರಿಯ ಹಾರ್ನು, ಬಾಗಿಲು ಬಡಿದದ್ದು ತಿಳಿಯುತ್ತದೆಯೇ ಹೊರತು ಮಾತು ಬರೀ ಗುಸುಗುಸು. ನಮ್ಮ ತುಟಿ ನೋಡಿ ಅರ್ಧ ಅರಿಯುತ್ತಾಳೆ. ಉಳಿದರ್ಧಕ್ಕೆ ನಾವು ಮನೆಯಲ್ಲೇ ಕಟ್ಟಿಕೊಂಡ ಕೈಸನ್ನೆಗಳಿವೆ. ಮಾತನಾಡಲು ಬರುತ್ತದೆ, ಆದರೆ ಅಕ್ಷರ ಸರಿಯಾಗಿ ಹೊರಳುವುದಿಲ್ಲವೆಂದು ಹೊರಗಿನವರ ಮುಂದೆ ಬಾಯಿ ತೆರೆಯುವುದಿಲ್ಲ. ಕಿರಿಯವಳು ಚಿನ್ನು, ಏಳು ವರ್ಷದವಳು. ಅಕ್ಕನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುವ ಹುಡುಗಿ.

ಇಂಗಳೇಶ್ವರದಲ್ಲಿರುವ ನಮ್ಮ ಅತ್ತೆಗೆ ಇದು ಸರಿಬರಲಿಲ್ಲ. "ಕಿವಿ ಕೇಳದ ಕೂಸಿನ್ನ ಪರದೇಶಕ್ಕ ಕರ್ಕೊಂಡು ಹೊಂಟೀಯಲ್ಲ, ಎಲ್ಲೆರ ತಪ್ಪಿಸ್ಕೊಂಡ್ರ ಏನ್ ಮಾಡ್ತಿ?"

"ಅಲ್ಲಿ ಭಾಷಾ ನನಗರ ಎಲ್ಲಿ ಬರ್ತೈತ್ರಿ ಅತ್ತಿ? ಅಲ್ಲಿ ಹೋದಮ್ಯಾಲೆ ಆಕಿನೂ ನಾನೂ ಒಂದ," ಎಂದೆ.

ಮಾತಿಗೆಂದು ಆಡಿದ್ದು. ಇಳಿದ ಗಳಿಗೆಯಿಂದಲೇ ಅದು ಖರೆ ಆಗತೊಡಗಿತು.

ವಿಮಾನ ನಿಲ್ದಾಣ

ಅಕ್ಕ ಮಗಳಿಗೆಂದು ಕಟ್ಟಿಕೊಟ್ಟ ಗಂಟಿನಲ್ಲಿ ಖಡಕ್ ರೊಟ್ಟಿಯ ಥಪ್ಪಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಇದ್ದವು. ಸಿಂದಗಿ ಬಿಟ್ಟು, ಇಂಡಿ ದಾಟಿ, ಝಳಕಿಯಲ್ಲಿ ಹೈವೇ ಹತ್ತಿ ಮುಂಬೈ ಮುಟ್ಟುವವರೆಗೂ ಅದನ್ನು ಚಿನ್ನು ತೊಡೆಯ ಮೇಲಿಟ್ಟುಕೊಂಡು ಕಾಯ್ದಿದ್ದಳು. ಒಂದು ರೊಟ್ಟಿಯೂ ಮುರಿದಿರಲಿಲ್ಲ. ತ್ಬಿಲಿಸಿಯಲ್ಲಿ ಇಳಿದಾಗ ಅಲ್ಲಿನ ಅಧಿಕಾರಿಯೊಬ್ಬರು ಗಂಟು ಬಿಚ್ಚಿಸಿದರು. ರೊಟ್ಟಿಯನ್ನು ಎತ್ತಿ ಬೆರಳಿನಿಂದ ತಟ್ಟಿ ಸಪ್ಪಳ ಕೇಳಿದರು. ಹಿಂಡಿಯ ಪುಡಿಯನ್ನು ಬೆಳಕಿಗೆ ಹಿಡಿದು ನನ್ನ ಮುಖವನ್ನೇ ನೋಡಿದರು. ನಾನು ಇಂಗ್ಲಿಷಿನಲ್ಲಿ ಬ್ರೆಡ್ ಎಂದೆ, ಪೌಡರ್ ಎಂದೆ. ಎರಡನೆಯ ಶಬ್ದ ಕೇಳಿ ಅವರ ಹುಬ್ಬು ಇನ್ನಷ್ಟು ಮೇಲೇರಿತು.

ಅಷ್ಟರಲ್ಲಿ ಮುಕ್ತಾ ಮುಂದೆ ಬಂದಳು. ರೊಟ್ಟಿಯ ಒಂದು ಚೂರು ಮುರಿದಳು, ಅಂಗೈಗೆ ಹಿಂಡಿ ಸುರಿದುಕೊಂಡಳು, ಅದ್ದಿ ಬಾಯಿಗಿಟ್ಟು ಕಟಕಟ ಅಗಿದಳು. ಆಮೇಲೆ ಖಾರ ಹತ್ತಿದವಳಂತೆ ನಾಲಿಗೆ ಹೊರಹಾಕಿ ಕೈಯಿಂದ ಗಾಳಿ ಬೀಸಿಕೊಂಡಳು. ಅಧಿಕಾರಿ ನಕ್ಕು, ತಾನೂ ಒಂದು ಚೂರು ಅದ್ದಿ ತಿಂದು, ನಿಜವಾಗಿಯೇ ಗಾಳಿ ಬೀಸಿಕೊಂಡು ನಮ್ಮನ್ನು ಹೊರಗೆ ಬಿಟ್ಟರು.

ಪಲ್ಲವಿಯ ಓಣಿ

ಪಲ್ಲವಿ ಇದ್ದದ್ದು ಏರಿನ ಓಣಿಯೊಂದರಲ್ಲಿ, ಮರದ ಬಾಲ್ಕನಿಗಳ ಹಳೆಯ ಕಟ್ಟಡದಲ್ಲಿ. ಪಕ್ಕದಲ್ಲೇ ನೆಲಮಾಳಿಗೆಯಲ್ಲಿ ರೊಟ್ಟಿ ಸುಡುವ ಭಟ್ಟಿ. ಭಟ್ಟಿಯವನು ಬಾವಿಗೆ ಬಗ್ಗಿದವನಂತೆ ಅರ್ಧ ಮೈ ಒಳಗಿಳಿಸಿ, ಹಿಟ್ಟಿನ ಉಂಡೆಯನ್ನು ಒಲೆಯ ಗೋಡೆಗೆ ಬಡಿದು ಬರುತ್ತಿದ್ದ. ಎರಡೂ ತುದಿ ಚೂಪಾದ, ಮೊಳದುದ್ದದ ರೊಟ್ಟಿ ಅದು. ಮೊದಲ ಬೆಳಿಗ್ಗೆ ನಾನು ಕೈಯಾಡಿಸಿ ಕೇಳಿದ್ದಕ್ಕೆ ನಿನ್ನೆಯದೊಂದು ಸಿಕ್ಕಿತು. ಎರಡನೆಯ ಬೆಳಿಗ್ಗೆ ಮುಕ್ತಾ ಒಲೆಯತ್ತ ಬೆರಳು ಮಾಡಿ, ಸುಟ್ಟುಕೊಂಡವಳಂತೆ ಬೆರಳು ಊದಿಕೊಂಡಳು. ಹಬೆಯಾಡುವ ರೊಟ್ಟಿ ಬಂತು. ಆಮೇಲೆ ಭಟ್ಟಿಗೆ ಹೋಗುವ ಕೆಲಸ ಅವಳದೇ ಆಯಿತು.

ಭಾಷೆಯ ಫಜೀತಿ ಚಿನ್ನುವಿಗೇ ಹೆಚ್ಚು. ಭಟ್ಟಿಯವನನ್ನು ಅವನ ಮಗಳು "ಮಾಮಾ" ಎಂದು ಕರೆದದ್ದು ಕೇಳಿ, "ಅಕಿ ಸ್ವಾದರಮಾವ ಅವ," ಎಂದು ನಮಗೆಲ್ಲ ಸಾರಿದಳು. ಪಲ್ಲವಿ ನಗುತ್ತ, "ಇಲ್ಲಿ ಮಾಮಾ ಅಂದ್ರ ಅಪ್ಪ, ಚಿನ್ನು. ಅವ್ವಗ ದೇದಾ ಅಂತಾರ," ಎಂದಳು. ಚಿನ್ನು ಅದನ್ನು ಒಪ್ಪಲೇ ಇಲ್ಲ. ಅಪ್ಪನಿಗೆ ಮಾಮಾ ಎಂದರೆ ಮಾಮಾನಿಗೆ ಏನೆನ್ನಬೇಕು ಎಂದು ದಿನವಿಡೀ ಕೇಳಿದಳು.

ಮುಕ್ತಾಳಿಗೆ ಇಂಥ ತೊಡಕೇ ಇರಲಿಲ್ಲ. ಕೇಳಿಸಿಕೊಳ್ಳುವ ನಾವು ತಪ್ಪು ಕೇಳುತ್ತಿದ್ದೆವು, ಅವಳು ಸರಿಯಾಗಿ ನೋಡುತ್ತಿದ್ದಳು. ಬಸ್ಸಿನಲ್ಲಿ ಹೋಗುವಾಗ ಚರ್ಚು ಕಂಡರೆ ಜನ ಕುಳಿತಲ್ಲೇ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ, ಫೋನಿನಲ್ಲಿ ಜಗಳವಾಡುತ್ತಿದ್ದವರು ಕೂಡ. ಅದನ್ನು ಮೊದಲು ಗುರುತಿಸಿದವಳು ಅವಳೇ. ನಮ್ಮ ಬಸ್ಸು ಗುಡಿಯ ಮುಂದೆ ಹಾಯುವಾಗ ಇಂಗಳೇಶ್ವರದ ಅಜ್ಜಿ ಕೈ ಮುಗಿಯುವುದನ್ನು ಮಾಡಿ ತೋರಿಸಿ, ಎರಡೂ ಒಂದೇ ಎಂದು ಬೆರಳು ಜೋಡಿಸಿದಳು. ಆ ಊರಿನ ಬೀದಿನಾಯಿಗಳ ಕಿವಿಗೆ ಬಿಲ್ಲೆ ಚುಚ್ಚಿರುತ್ತಾರೆ, ಲಸಿಕೆ ಹಾಕಿದ ಗುರುತಿಗೆ. ಮುಕ್ತಾ ಒಂದು ನಾಯಿಯ ಬಿಲ್ಲೆ ತೋರಿಸಿ, ತನ್ನ ಕಿವಿಯ ಮಶಿನ್ ಮುಟ್ಟಿಕೊಂಡು, ಇದಕ್ಕೂ ಕೇಳುವುದಿಲ್ಲವೇ ಎಂದು ಸನ್ನೆ ಮಾಡಿದಳು. ನಾನು ಸನ್ನೆಗೆ ಕೈ ಎತ್ತುವಷ್ಟರಲ್ಲಿ ತಾನೇ ಹಿಂದಿನಿಂದ ಚಪ್ಪಾಳೆ ತಟ್ಟಿದಳು. ನಾಯಿ ತಿರುಗಿ ನೋಡಿತು. ಇಲ್ಲ, ಕೇಳುತ್ತದೆ ಎಂದು ತಲೆಯಾಡಿಸಿ ಮುಂದೆ ನಡೆದಳು. ಅವಳ ದನಿಯಲ್ಲಿ ಬೇಸರವಿರಬಹುದೆಂದು ಹುಡುಕುವುದು ನನ್ನ ಚಟ. ಅಲ್ಲಿ ದನಿಯೂ ಇರಲಿಲ್ಲ, ಬೇಸರವೂ ಇರಲಿಲ್ಲ.

ದೊಡ್ಡ ರಸ್ತೆಯ ಚಿತ್ರ

ಊರ ನಡುವಿನ ದೊಡ್ಡ ರಸ್ತೆಯಲ್ಲಿ ಒಂದು ನಾಟ್ಯಮಂದಿರ. ಪಟ್ಟೆಪಟ್ಟೆ ಕಲ್ಲು, ಚೂಪು ಕಮಾನು. ವಿಜಯಪುರ ನೋಡಿದ ಕಣ್ಣಿಗೆ ಆ ಕಮಾನುಗಳು ಪರಕೀಯವೆನಿಸಲಿಲ್ಲ. ಅದರ ಗೋಡೆಯ ಮೇಲೆ ದೊಡ್ಡ ಚಿತ್ರ: ನೀಲಿ ಬಟ್ಟೆಯ ಹೆಂಗಸೊಬ್ಬಳು ಹೆಬ್ಬೆರಳ ತುದಿಯ ಮೇಲೆ ನಿಂತಿದ್ದಾಳೆ. ಮುಕ್ತಾ ಅದರ ಮುಂದೆ ನಿಂತವಳು ಕದಲಲಿಲ್ಲ. ತಾನೂ ಗೋಡೆ ಹಿಡಿದು ಹಾಗೆ ನಿಲ್ಲಲು ನೋಡಿ, ಆಗದೆ, ನನ್ನ ಸೆರಗು ಜಗ್ಗಿದಳು.

ಪಲ್ಲವಿ ಹೇಳಿದಳು: "ಬ್ಯಾಲೆ ಅಂತಾರಲ್ಲ ಚಿಗವ್ವ, ಅದು. ಭಾನುವಾರ ಹಗಲಿಗೆ ಮಕ್ಕಳನ್ನ ಕರ್ಕೊಂಡು ಬರ್ತಾರ ಎಲ್ಲಾರೂ. ನೀವೂ ಚಿನ್ನೂ ಹೋಗಿ ಬರ್ರಿ. ಮುಕ್ತಾನ ನಾ ನೋಡ್ಕೋತೇನಿ."

"ಯಾಕ, ಮುಕ್ತಾ ಯಾಕ ಬ್ಯಾಡ?"

"ಪೂರಾ ಸಂಗೀತದ ಮ್ಯಾಲೆ ನಡೀತೈತಿ ಅದು. ಆಕಿಗೆ ಕೇಳಂಗಿಲ್ಲಲ್ಲ. ಸುಮ್ಮ ಕುಂತು ಬ್ಯಾಸರ ಆಗ್ತಾಳ."

ಪಲ್ಲವಿಯದು ತಪ್ಪಲ್ಲ, ಪ್ರೀತಿಯಿಂದಲೇ ಹೇಳಿದಳು. ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗ್‌ನಲ್ಲೂ ಕುಣಿತ ಕಲಿಸುವವರು ಇದೇ ಮಾತು ಹೇಳಿ ಮುಕ್ತಾಳನ್ನು ಬಿಟ್ಟಿದ್ದರು, ತಾಳ ತಪ್ಪುತ್ತಾಳೆಂದು. ಅಂದಿನಿಂದ ಅವಳು ಯಾವುದಕ್ಕೂ ಹೆಸರು ಕೊಡುತ್ತಿರಲಿಲ್ಲ.

"ಅಲ್ಲಿ ಯಾರರ ಮಾತಾಡ್ತಾರೇನು?" ಎಂದು ಕೇಳಿದೆ.

"ಇಲ್ಲ. ಒಂದು ಮಾತೂ ಇರಂಗಿಲ್ಲ."

"ಮತ್ತೇನು. ಹೋದ್ರ ನಾಲ್ಕೂ ಮಂದಿ ಹೋಗೂಣು."

ಭಾನುವಾರ, ಮೊದಲ ಅಂಕ

ನಮ್ಮಲ್ಲಿ ಬಯಲಾಟ ನೋಡುವುದೆಂದರೆ ಚಾಪೆ, ಚಾದರ, ಶೇಂಗಾ, ನಡುನಡುವೆ ಸಿಳ್ಳೆ. ಅಲ್ಲಿ ಮಕ್ಕಳೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದಿದ್ದರು. ಹುಡುಗಿಯರು ಬೂಟು ಬದಲಿಸಿ, ಚೀಲದಲ್ಲಿ ತಂದ ಹೊಸ ಜೋಡು ಮೆಟ್ಟಿಕೊಳ್ಳುತ್ತಿದ್ದರು. ನಮ್ಮ ಸಾಲಿನ ಹೊಣೆ ಹೊತ್ತವರು ಬಿಳಿ ಕೂದಲಿನ ಒಬ್ಬ ಅಜ್ಜಿ. ಕನ್ನಡಕವನ್ನು ಸರಪಳಿಗೆ ಕಟ್ಟಿ ಕೊರಳಿಗೆ ತೂಗಿಬಿಟ್ಟಿದ್ದರು. ನಮ್ಮನ್ನು ಕೂಡಿಸುವಾಗಲೇ ಚಿನ್ನುವಿನ ಗದ್ದ ಹಿಡಿದು ನೋಡಿದರು. ಯಾವ ಹುಡುಗಿ ತೊಂದರೆ ಕೊಡುತ್ತಾಳೆಂದು ಅವರಿಗೆ ಮುಖ ನೋಡಿಯೇ ತಿಳಿದಿರಬೇಕು.

ದೀಪ ಆರಿತು. ಪರದೆ ಎದ್ದಿತು. ಹಳ್ಳಿಯ ಅಂಗಳ, ಸುಗ್ಗಿಯ ಕಾಲ, ಹತ್ತಾರು ಹುಡುಗಿಯರು. ಚಿನ್ನು ತಡೆಯಲಾರದೆ ಕೇಳಿದಳು: "ಯಾವಾಗ ಮಾತಾಡ್ತಾರವ್ವ?" ಅಜ್ಜಿ ಸಾಲಿನ ತುದಿಗೆ ಬಂದು ಕಣ್ಣು ಬಿಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ, "ಆ ಹುಡುಗ ಯಾರು?" ಅಜ್ಜಿ ಮತ್ತೆ ಬಂದರು. ಮೂರನೆಯ ಸಲಕ್ಕೆ ಎಬ್ಬಿಸಿ ಕಳಿಸುತ್ತಾರೆಂದು ನಾನು ಚಿನ್ನುವಿನ ತೋಳು ಹಿಡಿದೆ.

ಆಗ ಮುಕ್ತಾ ನನ್ನನ್ನು ದಾಟಿ ತಂಗಿಯ ತೊಡೆ ತಟ್ಟಿದಳು. ರಂಗದಿಂದ ಬೀಳುತ್ತಿದ್ದ ಬೆಳಕಿನಲ್ಲಿ ಕೈ ಎತ್ತಿ ಹೇಳತೊಡಗಿದಳು. ಕೆಂಪು ಬಟ್ಟೆಯವಳು ತಂಗಿ. ನೀಲಿಯವಳು ಅಕ್ಕ. ಹುಡುಗನಿಗೆ ತಂಗಿ ಬೇಕು. ಅಕ್ಕನಿಗೆ ಹುಡುಗ ಬೇಕು. ಚಿನ್ನು ಕೈಯಲ್ಲೇ ಮರುಪ್ರಶ್ನೆ ಕೇಳಿದಳು, ಮುಕ್ತಾ ಕೈಯಲ್ಲೇ ಉತ್ತರ ಕೊಟ್ಟಳು. ಮನೆಯಲ್ಲಿ ಟಿವಿಯ ಮುಂದೆ ಇದು ತಿರುವುಮುರುವು. ಅಲ್ಲಿ ಚಿನ್ನು ಕೇಳಿ ಹೇಳುತ್ತಾಳೆ, ಅದೂ ತನಗೆ ಮನಸ್ಸಿದ್ದರೆ. ಇಲ್ಲಿ ಕೇಳುವವಳು ಚಿನ್ನು, ಹೇಳುವವಳು ಮುಕ್ತಾ. ಅಜ್ಜಿ ಮೂರನೆಯ ಸಲ ಬಂದವರು ಆ ಕೈಗಳನ್ನು ನೋಡಿ ನಿಂತರು. ಬಯ್ಯಲು ಏನೂ ಇರಲಿಲ್ಲ. ಸಪ್ಪಳವೇ ಇಲ್ಲವಲ್ಲ. ಅಷ್ಟು ಜನ ತುಂಬಿದ ಸಭೆಯಲ್ಲಿ ಮಾತನಾಡುವ ಅನುಕೂಲ ಇದ್ದದ್ದು ನಮ್ಮ ಸಾಲಿಗೆ ಮಾತ್ರ.

ನಾನು ನೀಲಿ ಬಟ್ಟೆಯವಳನ್ನು ಹೊಟ್ಟೆಕಿಚ್ಚಿನವಳೆಂದು ತೀರ್ಮಾನ ಮಾಡಿದ್ದೆ. ತಂಗಿ ಹುಡುಗನ ಜೊತೆ ಕುಣಿಯುವಾಗ ಮುಖ ತಿರುಗಿಸಿ ದೂರ ನಿಲ್ಲುತ್ತಿದ್ದಳು. ಮುಕ್ತಾಳಿಗೆ ಹಾಗೆ ಸನ್ನೆ ಮಾಡಿದೆ: ಆಕೆ ಕೆಟ್ಟವಳು, ಸಿಟ್ಟು.

ಮುಕ್ತಾ ಅಲ್ಲವೆಂದು ಬೆರಳಾಡಿಸಿದಳು. ತನ್ನ ಭುಜ ಮುಟ್ಟಿಕೊಂಡು, ರಂಗದತ್ತ ತೋರಿಸಿದಳು. ಭುಜ ನೋಡು ಎಂದರ್ಥ.

ನೋಡಿದೆ. ಕುಣಿಯುವ ಆ ಹೆಂಗಸಿನ ಭುಜ ಹೌದೋ ಅಲ್ಲವೋ ಎನ್ನುವಷ್ಟು ಅಲುಗುತ್ತಿತ್ತು. ಅಳುತ್ತಿದ್ದಳು, ಯಾರಿಗೂ ತಿಳಿಯಬಾರದೆಂದು ಬೆನ್ನು ಮಾಡಿದ್ದಳು. ನಾನು ಮುಖದಲ್ಲಿ ಕಥೆ ಹುಡುಕುತ್ತಿದ್ದೆ. ಮುಕ್ತಾ ಬೆನ್ನನ್ನೂ ಓದುತ್ತಿದ್ದಳು.

ಮಧ್ಯಂತರ

ಬಿಡುವಿನಲ್ಲಿ ಚಿನ್ನುವನ್ನು ಬಾತ್‌ರೂಮಿಗೆ ಕರೆದುಕೊಂಡು ಹೋದೆ. ಮುಕ್ತಾ ಪಲ್ಲವಿಯ ಹತ್ತಿರ ಇದ್ದಾಳೆಂದು ನಾನು, ನನ್ನ ಹಿಂದೆ ಬಂದಳೆಂದು ಪಲ್ಲವಿ. ತಿರುಗಿ ಬಂದು ಕುರ್ಚಿ ನೋಡಿದರೆ ಬರಿದು.

"ಪಲ್ಲವಿ, ಮುಕ್ತಾ ಎಲ್ಲಿ?"

"ನಿಮ್ಮ ಜೋಡಿ ಬಂದಿಲ್ಲೇನು ಚಿಗವ್ವ?"

ಬೇರೆ ತಾಯಂದಿರಾದರೆ ಹೆಸರು ಹಿಡಿದು ಕೂಗುತ್ತಾರೆ. ನಾನು ಕೂಗಿ ಏನು ಮಾಡಲಿ? ಹೊರಗಿನ ಪಡಸಾಲೆ ನೋಡಿದೆ, ಮೆಟ್ಟಿಲು ಇಳಿದು ಬಾಗಿಲವರೆಗೆ ಹೋಗಿ ಬಂದೆ. ಹೊರಗೆ ವಾಹನ ತುಂಬಿದ ರಸ್ತೆ. ಮತ್ತೆ ಒಳಗೆ ಓಡಿದೆ. ಅಷ್ಟರಲ್ಲಿ ಎಲ್ಲರೂ ಒಳಗೆ ಬರಬೇಕೆನ್ನುವ ಗಂಟೆ ಮೊಳಗಿತು. ಎಲ್ಲರ ಮಕ್ಕಳೂ ಗಂಟೆ ಕೇಳಿ ತಮ್ಮ ತಮ್ಮ ಸಾಲಿಗೆ ಮರಳುತ್ತಿದ್ದರು. ನನ್ನ ಮಗಳಿಗೆ ಅಂಥ ಸಣ್ಣ ದನಿ ಕೇಳುವುದಿಲ್ಲ. ಅತ್ತೆಗೆ ಏನು ಹೇಳಲಿ, ನಮ್ಮವರಿಗೆ ಏನು ಹೇಳಲಿ ಎಂದು ಕೂಡ ಅನಿಸಲಿಲ್ಲ. ಅವಳ ಕಿವಿಯ ಮಶಿನ್‌ನ ಬ್ಯಾಟರಿ ಬದಲಿಸಿದ್ದೆನೋ ಇಲ್ಲವೋ ಎನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಪಲ್ಲವಿ ಆ ಅಜ್ಜಿಗೆ ಅವರ ಭಾಷೆಯಲ್ಲಿ ಹೇಳಿದಳು. ಅಜ್ಜಿ ಕನ್ನಡಕ ಏರಿಸಿ ಸಭೆಯನ್ನೆಲ್ಲ ಒಮ್ಮೆ ನೋಡಿ, ನನ್ನ ಮೊಣಕೈ ಹಿಡಿದು ನಡುದಾರಿಯಲ್ಲಿ ಕೆಳಗೆ ಕರೆದೊಯ್ದರು.

ರಂಗದ ಮುಂದೆ ತಗ್ಗಿನಲ್ಲಿ ವಾದ್ಯದವರು ಕೂಡುವ ಜಾಗ. ಅದರ ಸುತ್ತ ಎದೆಯೆತ್ತರದ ಮರದ ಗೋಡೆ. ಮುಕ್ತಾ ಅಲ್ಲಿದ್ದಳು. ವಾದ್ಯದವರು ಬಹುಪಾಲು ಎದ್ದುಹೋಗಿದ್ದರು. ಕೆಳಗೆ ಗಡ್ಡದ ಮನುಷ್ಯನೊಬ್ಬ ಮಾತ್ರ ತಾಮ್ರದ ಹಂಡೆಗಳಂಥ ದೊಡ್ಡ ನಗಾರಿಗಳ ನಡುವೆ ನಿಂತು, ಚರ್ಮಕ್ಕೆ ಕಿವಿ ಹಚ್ಚಿ ಶ್ರುತಿ ನೋಡುತ್ತಿದ್ದ.

ಓಡಿಹೋಗಿ ಅವಳ ರಟ್ಟೆ ಹಿಡಿಯಬೇಕೆಂದಿದ್ದೆ. ಅಜ್ಜಿ ನನ್ನ ಮೊಣಕೈ ಬಿಡಲಿಲ್ಲ.

ಮುಕ್ತಾಳ ಒಂದು ಅಂಗೈ ಮರದ ಗೋಡೆಯ ಮೇಲಿತ್ತು. ನಗಾರಿಯವನು ಮೆಲ್ಲಗೆ ಒಂದು ಪೆಟ್ಟು ಹಾಕಿದ. ಅವಳು ಇನ್ನೊಂದು ಕೈ ಎತ್ತಿದಳು. ಎರಡು ಪೆಟ್ಟು ಹಾಕಿದ. ಎರಡು ಸಲ ಎತ್ತಿದಳು. ಅವನು ಅವಳ ಕಿವಿಯ ಮಶಿನ್ ಕಂಡಿರಬೇಕು. ತಿರುಗಿ ನಿಲ್ಲು ಎಂದು ಬೆರಳು ಸುತ್ತಿಸಿ ತೋರಿಸಿದ. ಅವಳು ಅವನಿಗೆ ಬೆನ್ನು ಮಾಡಿ, ಅಂಗೈಯನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿದಳು. ಈಗ ಅವನು ಒಂದು ಜೋರು, ಎರಡು ಸಣ್ಣದು, ಮತ್ತೆ ಒಂದು ಜೋರು ಬಾರಿಸಿದ. ಅವಳ ಕೈ ಮೇಲೆದ್ದಿತು, ಎರಡು ಸಲ ಸ್ವಲ್ಪವೇ ಎದ್ದಿತು, ಮತ್ತೆ ಪೂರ್ತಿ ಎದ್ದಿತು. ಲಯ ಬದಲಿಸಿದ. ಕೈಯ ಲಯವೂ ಬದಲಾಯಿತು. ಒಂದೂ ತಪ್ಪಲಿಲ್ಲ.

ಹಿಂದೆ ಬಂದು ನಿಂತ ಪಲ್ಲವಿ ಮೆತ್ತಗೆ ಹೇಳಿದಳು: "ಚಿಗವ್ವ, ಆಕಿಗೆ ತಾಳ ಗೊತ್ತಾಗಾಕತ್ತೈತಿ."

"ನೋಡಾಕತ್ತೇನಿ," ಎಂದೆ.

ಕಣ್ಣು ತೆರೆದ ಮುಕ್ತಾ ನಮ್ಮನ್ನು ಕಂಡಳು. ಹೆದರಲಿಲ್ಲ, ತಪ್ಪು ಮಾಡಿದವಳಂತೆ ಮುಖ ಮಾಡಲಿಲ್ಲ. ನನ್ನ ಕೈ ಎಳೆದು ಗೋಡೆಯ ಮೇಲೆ ಇಟ್ಟು, ನಗಾರಿಯವನಿಗೆ ಇನ್ನೊಮ್ಮೆ ಎಂದು ಸನ್ನೆ ಮಾಡಿದಳು. ಅವನು ಬಾರಿಸಿದ. ನನಗೆ ಸಪ್ಪಳ ಮೊದಲು ಬಂತು, ಆಮೇಲೆ ಅಂಗೈಯಲ್ಲಿ ಇರುವೆ ಹರಿದಂತೆ ಅದು ಹತ್ತಿತು. ಎಲ್ಲೆಲ್ಲಿ ತಿಳಿಯುತ್ತದೆಂದು ಅವಳು ತೋರಿಸಿದಳು: ಅಂಗೈ, ಮೊಣಕೈ, ಎದೆಯ ಗೂಡು.

ಎರಡನೆಯ ಗಂಟೆಯಾಯಿತು. ನಗಾರಿಯವನು ಬಗ್ಗಿ ಅವಳಿಗೆ ನಮಸ್ಕಾರ ಮಾಡಿದ. ನಾನು ಎಲ್ಲೆಲ್ಲಿ ಓಡಾಡಿದೆ, ಎಷ್ಟು ಹೆದರಿದೆ ಎಂದು ಸಾಲಿಗೆ ಮರಳುವಾಗ ಅವಳಿಗೆ ಸನ್ನೆಯಲ್ಲಿ ಹೇಳಿದೆ. ಅವಳು ಪೂರ್ತಿ ನೋಡಿ, ಇನ್ನು ಮೇಲೆ ಹೇಳಿ ಹೋಗುತ್ತೇನೆ ಎಂದಳು. ಹೋಗುವುದಿಲ್ಲ ಎನ್ನಲಿಲ್ಲ.

ಎರಡನೆಯ ಅಂಕ

ಎರಡನೆಯ ಅಂಕಕ್ಕೆ ಅಜ್ಜಿ ನಮ್ಮನ್ನು ಮುಂದಿನ ಸಾಲಿನಲ್ಲಿ ಖಾಲಿಯಿದ್ದ ಕುರ್ಚಿಗಳಿಗೆ ಕರೆದೊಯ್ದರು. ದೂರದಿಂದ ಹತ್ತಿಯಂತೆ ಹಗುರ ಕಂಡವರು ಹತ್ತಿರದಲ್ಲಿ ಬೇರೆಯೇ ಆಗಿದ್ದರು. ಬೂಟಿನ ಗಟ್ಟಿ ತುದಿ ಹಲಗೆಗೆ ಬಡಿದು ಟಕಟಕ ಎನ್ನುತ್ತಿತ್ತು. ಬೆವರು ತೊಟ್ಟಿಕ್ಕುತ್ತಿತ್ತು. ನಗುತ್ತ ಕುಣಿದವರು ಪಕ್ಕಕ್ಕೆ ಸರಿದ ಕೂಡಲೇ ಅವರ ಪಕ್ಕೆ ತಿದಿಯಂತೆ ಏಳುತ್ತ ಬೀಳುತ್ತ ಇತ್ತು. ಒಬ್ಬ ಹುಡುಗಿ ಸುತ್ತು ಮುಗಿಸುವಾಗ ಕಾಲು ಜಾರಿ ಕೈಯೂರಿದಳು. ಮರುಗಳಿಗೆಯಲ್ಲಿ ಸಾಲಿನಲ್ಲಿ ತನ್ನ ಜಾಗದಲ್ಲಿದ್ದಳು. ಪಕ್ಕದವಳು ಅರ್ಧ ಹೆಜ್ಜೆ ಸರಿದು ಜಾಗ ಬಿಟ್ಟುಕೊಟ್ಟಿದ್ದಳು. ಯಾರೂ ನಿಲ್ಲಲಿಲ್ಲ.

ಚಿನ್ನು ಪಲ್ಲವಿಯ ಕಿವಿಯಲ್ಲಿ ಕೇಳಿದಳು: "ಅವರ ಕಾಲು ನೋಯೂದಿಲ್ಲೇನಕ್ಕಾ?"

"ನೋಯ್ತೈತಿ. ನಿನ್ನಷ್ಟಿದ್ದಾಗಿಂದ ದಿನಾ ಮಾಡಿ ಮಾಡಿ ಎಲುಬು ಗಟ್ಟಿ ಮಾಡ್ಕೊಂಡಿರ್ತಾರ."

ಚಿನ್ನು ಆಮೇಲೆ ಬಹಳ ಹೊತ್ತು ಆ ಪಾದಗಳನ್ನೇ ನೋಡಿದಳು. ಮನೆಯಲ್ಲಿ ಒಂದು ಪುಟ ಕಾಪಿ ಬರೆಸಲು ಅವಳಿಗೆ ಎಷ್ಟು ಉಪದೇಶ ಮಾಡುತ್ತೇವೆ ನಾವು. ಅಲ್ಲಿ ಯಾರೂ ಉಪದೇಶ ಮಾಡಲಿಲ್ಲ, ಕಣ್ಣ ಮುಂದೆ ಮಾಡಿ ತೋರಿಸಿದರು ಅಷ್ಟೆ. ನಾನು ಮೇಷ್ಟ್ರು ಕೆಲಸದವಳು, ಮಕ್ಕಳು ಯಾವಾಗ ಕಲಿಯುತ್ತಾರೆ, ಯಾವಾಗ ಕಲಿತಂತೆ ನಟಿಸುತ್ತಾರೆ ಎನ್ನುವುದು ನನಗೆ ತಿಳಿಯುತ್ತದೆ. ಆ ಹೊತ್ತು ಇಬ್ಬರೂ ಕಲಿಯುತ್ತಿದ್ದರು. ಮೊಬೈಲಿನಲ್ಲಿ ಇದೇ ಕುಣಿತ ತೋರಿಸಿದ್ದರೆ ಬೆರಳಿಂದ ಮುಂದಕ್ಕೆ ಸರಿಸಿಬಿಡುತ್ತಿದ್ದರು. ಇಲ್ಲಿ ಸರಿಸಲು ಬರುವುದಿಲ್ಲ. ಎದುರಿಗೆ ಬದುಕಿರುವ ಮನುಷ್ಯ ಉಸಿರಾಡುತ್ತಿರುವಾಗ ಮಗು ಕಾಯುತ್ತದೆ.

ಕಥೆಯ ಕೊನೆಗೆ ಹಳ್ಳಿಯಲ್ಲಿ ತಂಗಿಯ ಮದುವೆ. ನೀಲಿ ಬಟ್ಟೆಯ ಅಕ್ಕ ತನ್ನ ಕೈಯಾರೆ ತಂಗಿಗೆ ಹೂವಿನ ಕಿರೀಟ ಇಡುತ್ತಾಳೆ. ಎಲ್ಲರೂ ಕುಣಿಯುವಾಗ ಹಿಂದೆ ಸರಿದು, ಒಂಟಿಯಾಗಿ, ಬೆಟ್ಟದ ದಾರಿ ಹಿಡಿಯುತ್ತಾಳೆ. ಈ ಸಲ ಅವಳ ಬೆನ್ನು ನನಗೂ ಓದಲು ಬಂತು. ಭುಜ ಅಲುಗುತ್ತಿರಲಿಲ್ಲ, ಕುತ್ತಿಗೆ ನೆಟ್ಟಗಿತ್ತು.

ಚಪ್ಪಾಳೆ ಬಹಳ ಹೊತ್ತು ನಡೆಯಿತು. ಆ ಜನ ಚಪ್ಪಾಳೆಯನ್ನೂ ಒಂದೇ ತಾಳಕ್ಕೆ ತರುತ್ತಾರೆ. ಮುಕ್ತಾ ಮೊದಲು ಕುರ್ಚಿಯ ಕೈಗೆ ಅಂಗೈ ಹಚ್ಚಿ ನೋಡಿದಳು, ಆಮೇಲೆ ಎದ್ದು ನಿಂತು ಅವರ ಜೊತೆ ಸರಿಯಾಗಿ ಕೂಡಿಕೊಂಡಳು.

ಇಂಗಳೇಶ್ವರ

ಮರಳಿ ಬಂದ ಮೇಲೆ ಸೂಟಿಯ ಉಳಿದ ದಿನಗಳಿಗೆ ಮಕ್ಕಳು ಇಂಗಳೇಶ್ವರಕ್ಕೆ ಹೋದರು. ವಾರದ ಮೇಲೆ ನಾನು ಕರೆತರಲು ಹೋದೆ. ಬಿಸಿಲು ಇಳಿದಿತ್ತು. ಅತ್ತೆಯ ಮನೆಯ ಮುಂದೆ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು. ಅಂಗಳದಲ್ಲಿ ಆರೇಳು ಹುಡುಗಿಯರು. ಮುಕ್ತಾ ಅವರಿಗೆ ಆಟ ಕಲಿಸಿದ್ದಳು. ಒಂದೇ ಕಟ್ಟುಪಾಡು: ಯಾರು ಬಾಯಿ ತೆರೆದರೂ ಆಟದಿಂದ ಹೊರಗೆ. ನೆರೆಮನೆಯ ಹುಡುಗಿಯೊಬ್ಬಳು ಮರದ ದೊಡ್ಡ ಪೆಟ್ಟಿಗೆಯ ಮೇಲೆ ಕೂತು ಅದನ್ನೇ ಬಾರಿಸುತ್ತಿದ್ದಳು. ಎಲ್ಲರೂ ಬರಿಗಾಲಲ್ಲಿದ್ದರು, ನೆಲದ ಅದುರು ತಿಳಿಯಲೆಂದು.

ಚಿನ್ನು ತಂಗಿಯಾಗಿದ್ದಳು. ಇಷ್ಟು ಹೊತ್ತು ಅವಳು ಬಾಯಿ ಮುಚ್ಚಿಕೊಂಡಿದ್ದನ್ನು ನಾನು ನಿದ್ದೆಯಲ್ಲಿ ಬಿಟ್ಟರೆ ಕಂಡಿರಲಿಲ್ಲ. ಮುಕ್ತಾ ನನ್ನ ಹಳೆಯ ನೀಲಿ ದುಪಟ್ಟಾ ಹೊದ್ದ ಅಕ್ಕ. ಹೆಬ್ಬೆರಳ ಮೇಲೆ ನಿಲ್ಲಲು ಹೋಗಲಿಲ್ಲ. ನಮ್ಮ ಕೋಲಾಟದ ಹೆಜ್ಜೆಯನ್ನೇ ನಿಧಾನಕ್ಕೆ ಹಾಕಿದಳು. ಕೊನೆಗೆ ತಂಗಿಯ ತಲೆಗೆ ಹೂವು ಮುಡಿಸಿ, ಬೆನ್ನು ತಿರುಗಿಸಿ, ಅಂಗಳ ದಾಟಿ ಓಣಿಯ ತಿರುವಿನವರೆಗೆ ನಡೆದು ಮರೆಯಾದಳು. ಕಟ್ಟೆಯ ಮೇಲಿನ ಹೆಂಗಸರು ಆ ತಿರುವಿನತ್ತ ಕತ್ತು ಚಾಚಿದರು.

ಅವಳು ತಿರುಗಿ ಬಂದಾಗ ಅತ್ತೆ ಚಿನ್ನುವನ್ನು ಕೇಳಿದರು: "ಅಕಿ ಎಲ್ಲಿಗೆ ಹೋದ್ಲಂತ? ಅಕ್ಕಗ ಕೇಳಿ ಹೇಳು."

"ನೀನ ಕೇಳ ಆಯಿ," ಎಂದಳು ಚಿನ್ನು.

ಅತ್ತೆ ಈವರೆಗೆ ಮುಕ್ತಾಳ ಜೊತೆ ಮಾತಾಡಿದ್ದೆಂದರೆ ಕೂಗಿ, ಇಲ್ಲವೇ ನಮ್ಮ ಮೂಲಕ. ಈಗ ಮೊಮ್ಮಗಳನ್ನು ಎದುರಿಗೆ ನಿಲ್ಲಿಸಿಕೊಂಡರು. ಎರಡು ಬೆರಳುಗಳನ್ನು ತೊಡೆಯ ಮೇಲೆ ನಡೆಸಿದರು. ಆಮೇಲೆ ಅಂಗೈ ಮೇಲೆ ಮಾಡಿ, ಎಲ್ಲಿಗೆ, ಎಂದು ಹುಬ್ಬೇರಿಸಿದರು.

ಮುಕ್ತಾ ಕಟ್ಟೆಯ ಮೇಲಿನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಬಾಯಿ ತೆರೆದು ಹೇಳಿದಳು. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡೇ ಬಂದವು.

"ದೂರ. ಆಕಿಗೆ ಹೋಗಬೇಕಾಗಿತ್ತು."

ಪಕ್ಕದ ಮನೆಯವರು ನನ್ನ ಕಡೆ ತಿರುಗಿದರು. "ಏನಂದ್ಲ್ರಿ?"

ನಾನು ಬಿಡಿಸಿ ಹೇಳಬೇಕೆನ್ನುವಷ್ಟರಲ್ಲಿ ಅತ್ತೆಯೇ ಹೇಳಿದರು: "ದೂರ ಹೋದ್ಲಂತ. ಹೋಗಬೇಕಾಗಿತ್ತಂತ. ಸ್ವಚ್ಛ ಹೇಳಿದ್ಲಲ್ಲ, ನಿನಗ ಕೇಳಲಿಲ್ಲೇನು?" ಎಂದು, ಸೆರಗು ಸರಿಮಾಡಿಕೊಂಡು ಮೊಮ್ಮಗಳತ್ತ ತಿರುಗಿ ಬೆರಳನ್ನು ಗಾಳಿಯಲ್ಲಿ ಸುತ್ತಿಸಿದರು. "ಇನ್ನೊಮ್ಮೆ ಮಾಡ್ರಿ, ಮೊದಲಿಂದ. ನಾ ಎಮ್ಮಿ ಕಟ್ಟಾಕ ಹೋಗಿದ್ನಿ, ಮೊದಲಿಂದು ನೋಡಿಲ್ಲ."

ಹುಡುಗಿಯರು ತಮ್ಮ ತಮ್ಮ ಜಾಗಕ್ಕೆ ಓಡಿದರು. ನಾನು ಚಪ್ಪಲಿ ಬಿಟ್ಟು ಅಂಗಳದ ಅಂಚಿಗೆ ನೆಲದ ಮೇಲೆ ಕುಳಿತೆ.